ನೀಲದುರ್ಗದ ಪೂರ್ವ ತಿರುವು

ಸಿದ್ದವ್ವಾ, ಆ ನಕ್ಷೆ ಬರೆದವಳು ನಾನು. ಇದು ನಿನಗೆ ಗೊತ್ತಿರುವ ಸತ್ಯವೇ — ನಿನ್ನ ಕಾಕಾನ ಎದುರು, ನಮ್ಮ ಅಪ್ಪನ ಎದುರು, ನಿನ್ನ ಕಣ್ಣೆದುರೇ ನಾನು ಅಲ್ಲವೆಂದ ಸತ್ಯ. ನಿನಗೆ ಗೊತ್ತಿಲ್ಲದ್ದು ಇನ್ನೊಂದಿದೆ. ನಿನ್ನ ಅಪ್ಪ ತಲೆ ಬಗ್ಗಿಸಿ ಆ ಸುರಂಗದೊಳಗೆ ಹೋಗುವಾಗ ನಾನು ಅಲ್ಲೇ ಇದ್ದೆ. ಕಲ್ಲುಗಳ ಹಿಂದೆ. ನೋಡುತ್ತ. ಬಾಯಿ ಬಿಡದೆ.

ಹೋದ ವಾರ ಬೆಳಗಾವಿಯ ರವಿವಾರ ಪೇಟೆಯಲ್ಲಿ ನೀನು ಸಿಕ್ಕಾಗಲೇ ಹೇಳಬೇಕಿತ್ತು. ನೀನಾಗಿಯೇ ಮಾತಾಡಿಸಿದೆ. "ಸಾಲ್ಯಾಗ ಭೂಗೋಳ ಕಲಸ್ತಿ ಅಂತಲ್ಲ, ಕಸ್ತೂರಿ? ಇನ್ನೂ ನಕಾಶಿ ತಗೀತಿಯೇನ?" ಎಂದು ನಕ್ಕೆ. ಆ ನಗೆಯೊಳಗೆ ಏನಿತ್ತು ಎಂದು ವಾರವಿಡೀ ತಡಕಾಡಿದ್ದೇನೆ — ಚುಚ್ಚೋ, ಮರೆವೋ, ಬರೀ ನಗೆಯೋ. ನನಗೆ ಈಗ ಯಾರ ನಗೆಯೂ ಬರೀ ನಗೆಯಾಗಿ ಕಾಣುವುದಿಲ್ಲ. ಹೊರಡುವಾಗ ನೀನು ಚೀಲ ಎತ್ತಿಕೊಳ್ಳುತ್ತ ಹೇಳಿದೆ: "ಕಾಕಾ ಮತ್ತ ಅಗಿಸಾಕ ಹೊಂಟಾನ. ಈ ಸಲ ನಮ್ಮ ತಮ್ಮ ಬಸು ಒಳಗ ಇಳೀತಾನಂತ. ನಿಧಿ ಅಪ್ಪನ ಕಾಲು ಹೋದಲ್ಲೇ ಐತಿ, ಇನ್ನಷ್ಟ ಮುಂದ ಹೋದ್ರ ಸಿಗತೈತಿ ಅಂತಾನ."

ನಾನು "ಹೌದೇನ" ಎಂದೆ. ಅಷ್ಟೇ ಎಂದೆ.

ಮನೆಗೆ ಬಂದು, ಮಹಾಂತೇಶ ನಗರದ ಈ ಹೊಸ ಮನೆಯ ಮೇಜಿನ ಮುಂದೆ ಕೂತು, ಮೊದಲಿನಿಂದ ಎಲ್ಲವನ್ನೂ ಮತ್ತೆ ನಡೆಸಿ ನೋಡಿದೆ. ಎಲ್ಲಿ ನಿಲ್ಲಿಸಬಹುದಿತ್ತು ಎಂದು. ಎಲ್ಲ ಕಡೆಯೂ ನಿಲ್ಲಿಸಬಹುದಿತ್ತು.

ಆ ಆಟ ನಮಗೆ ಸಿಕ್ಕಿದ್ದು ಉಮೇಶನಿಂದ. ನನ್ನ ಸೋದರತ್ತೆಯ ಮಗ, ಮುಂಬಯಿಯವನು, ಎಂಜಿನಿಯರಿಂಗ್ ಓದಲು ಬೆಳಗಾವಿಗೆ ಬಂದು ಹಿಂದವಾಡಿಯ ನಮ್ಮ ಮನೆಯಲ್ಲೇ ಇದ್ದ. ಹಡಗಿನಲ್ಲಿ ಕೆಲಸ ಮಾಡುವ ಅವರ ನೆರೆಯವರೊಬ್ಬರು ಯಾವುದೋ ದೇಶದಿಂದ ತಂದ ಪುಸ್ತಕದ ಝೆರಾಕ್ಸ್ ಹಾಳೆಗಳು ಅವನ ಬಳಿ ಇದ್ದವು. ಒಬ್ಬರು ಕಥೆ ನಡೆಸಬೇಕು, ಉಳಿದವರು ಅದರೊಳಗಿನ ಜನರಾಗಬೇಕು — ಕತ್ತಿಯವನು, ಮಂತ್ರವಾದಿ, ಬೇಟೆಗಾರ್ತಿ. ಊರು, ಕೋಟೆ, ಗವಿ ಎಲ್ಲವೂ ಕಥೆ ನಡೆಸುವವರ ಕೈಯಲ್ಲಿರುವ ನಕ್ಷೆಯಲ್ಲಿ ಮಾತ್ರ. ಆಡುವವರಿಗೆ ಅದು ಕಾಣದು. "ಎಡಕ್ಕ ಹೊರಳ್ತೀನಿ" ಅಂದರೆ ಎಡಕ್ಕೇನಿದೆ ಎಂದು ನಕ್ಷೆ ನೋಡಿ ಹೇಳಬೇಕು. ಪುಸ್ತಕದಲ್ಲಿದ್ದ ಬಗೆಬಗೆಯ ದಾಳಗಳು ಇಲ್ಲಿ ಯಾವ ಅಂಗಡಿಯಲ್ಲಿ ಸಿಗಬೇಕು? ಅವ್ವನ ಚೌಕಾಬಾರದ ಕವಡೆಗಳನ್ನೇ ಎಸೆಯುತ್ತಿದ್ದೆವು.

ನೀನು ಆಗ ನನ್ನ ಜೊತೆ ಬಿ.ಎ. ಓದುತ್ತ ಹಾಸ್ಟೆಲಿನಲ್ಲಿದ್ದೆ. ನಿಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು. ಭಾನುವಾರ ನಮ್ಮ ಮಾಳಿಗೆಗೆ ಬರುತ್ತಿದ್ದೆ. ನಿನ್ನನ್ನು ಬೇಟೆಗಾರ್ತಿ ಮಾಡಿದ ದಿನ ನೀನು ಕೈಯಲ್ಲಿದ್ದ ಕವಡೆ ಕೆಳಗಿಟ್ಟು, "ಊರಾಗ ಕುರಿ ಹಿಂದ ಕಾಡು ತಿರಗಿದ್ದು ಸಾಲದಂತ ಇಲ್ಲೂ ನನ್ನನ್ನ ಕಾಡಿಗೇ ಕಳಸ್ತೀಯಲ್ಲಲೇ!" ಎಂದಿದ್ದೆ. ಉಮೇಶ ನಗುನಗುತ್ತ ಕೆಮ್ಮಿದ್ದ. ಅವ್ವ ಕೆಳಗಿನಿಂದ, "ಏನ್ ಓದ್ತೀರೋ ಏನ್ ಹಲ್ಲ ಕಿಸೀತೀರೋ" ಎಂದು ಕೂಗಿದ್ದಳು.

ಕಥೆ ನಡೆಸುವವಳು ನಾನು. ನಕ್ಷೆ ಬರೆಯುವವಳೂ ನಾನೇ. ಉಮೇಶನ ಪುಸ್ತಕದ ನಕ್ಷೆಗಳು ನನಗೆ ಸೇರಿರಲಿಲ್ಲ — ಕೋಣೆಗೆ ಕೋಣೆ ಅಂಟಿಸಿದ ಚೌಕಗಳು, ನೆಲವೇ ಇಲ್ಲ. ಭೂಗೋಳದ ಪ್ರಾಕ್ಟಿಕಲ್ಲಿನಲ್ಲಿ ಕಲಿತದ್ದನ್ನೆಲ್ಲ ನಾನು ಆ ಸುಳ್ಳು ಊರುಗಳಿಗೆ ಹಾಕಿದೆ. ಉತ್ತರದ ಬಾಣ, ಅಳತೆಪಟ್ಟಿ, ದಿಬ್ಬದ ಏರಿಳಿತ ತೋರಿಸುವ ಗೆರೆಗಳು. ಸುಳ್ಳು ಊರಿಗೂ ನೀರು ಇಳಿಯುವ ದಿಕ್ಕು ಇರಬೇಕು, ಇಲ್ಲದಿದ್ದರೆ ಆಡುವವರು ನಂಬುವುದಿಲ್ಲ — ಎಂದು ಉಮೇಶನಿಗೆ ಪಾಠ ಹೇಳುತ್ತಿದ್ದೆ. ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದೆ.

ನೀಲದುರ್ಗಕ್ಕೆ ನೆಲ ಬೇಕಿತ್ತು. ನಿನ್ನನ್ನು ಕೇಳಿದೆ, ನೆನಪಿದೆಯೇ? "ನಿಮ್ಮ ಹೊಲದ ಬಾಜು ಏನೇನೈತಿ ಹೇಳ." ನೀನು ಕಣ್ಣು ಮುಚ್ಚಿ ಹೇಳುತ್ತ ಹೋದೆ. ಖಾನಾಪುರದಾಚೆಯ ನಿಮ್ಮೂರು, ಹಳ್ಳ, ಹಳ್ಳದ ದಂಡೆಗೆ ಬಾಗಿದ ಮತ್ತಿಮರ, ಅದರಾಚೆ ಒಂದಕ್ಕೊಂದು ಒರಗಿದ ದೊಡ್ಡ ಕಲ್ಲುಗಳು. "ಕಲ್ಲಿನ ಬುಡಕ್ಕ ಒಂದು ತೂತೈತಿ. ಮುಳ್ಳಹಂದಿ ಇರತೈತಿ. ಸಣ್ಣಾಕಿದ್ದಾಗ ಅದರಾಗ ಇಣಿಕಿದ್ದಕ್ಕ ಅಪ್ಪನ ಕೈಲೆ ಹೊಡತಾ ತಿಂದೀನಿ." ಆ ತೂತನ್ನೇ ನಾನು ನೀಲದುರ್ಗದ ಬಾಗಿಲು ಮಾಡಿದೆ. ಅಲ್ಲಿಂದ ಮೆಟ್ಟಿಲು ಇಳಿಸಿದೆ. ಮೆಟ್ಟಿಲ ಕೆಳಗಿನಿಂದ ದಾರಿಯನ್ನು ಪೂರ್ವಕ್ಕೆ, ಕಲ್ಲುಗಳ ಅಡಿಗೆ ತಿರುಗಿಸಿದೆ. ಯಾಕೆ ಪೂರ್ವಕ್ಕೆ — ಅದನ್ನು ಕೊನೆಗೆ ಹೇಳುತ್ತೇನೆ. ಅದನ್ನು ಬರೆಯುವ ಧೈರ್ಯ ಇನ್ನೂ ಬಂದಿಲ್ಲ.

ಮುಗಿದ ನಕ್ಷೆ ಹಳೆಯದಾಗಿ ಕಾಣಬೇಕಿತ್ತು. ಅದು ಆಟದ ಸೊಗಸು. ನಮ್ಮ ಮುತ್ಯಾ, ಅಪ್ಪನ ತಂದೆ, ರವಿವಾರ ಪೇಟೆಯ ಬೆಲ್ಲದ ಅಂಗಡಿಯ ಲೆಕ್ಕವನ್ನು ಮೋಡಿ ಲಿಪಿಯಲ್ಲಿ ಬರೆಯುತ್ತಿದ್ದವರು. ಹಿಂದಿನ ಕಾಲದ ವ್ಯಾಪಾರಿಗಳು, ಕಾರಕೂನರು ಎಲ್ಲ ಬರೆಯುತ್ತಿದ್ದ ಆ ಕೊಂಡಿ ಕೊಂಡಿ ಅಕ್ಷರವನ್ನು ತೊಡೆಯ ಮೇಲೆ ಕೂರಿಸಿಕೊಂಡು ನನಗೂ ಕಲಿಸಿದ್ದರು. ಅವರು ತೀರಿಕೊಂಡ ಮೇಲೆ ಮಾಳಿಗೆಯಲ್ಲಿ ಬಿದ್ದಿದ್ದ ಅಂಗಡಿಯ ಹಳೇ ಕಾಗದದ ಕಟ್ಟಿನಿಂದ ಒಂದು ಖಾಲಿ ಹಾಳೆ ಎಳೆದುಕೊಂಡೆ. ದಪ್ಪ, ಹಳದಿ, ಕೈಯಿಂದ ಮಾಡಿದ ಕಾಗದ. ಅಂಚನ್ನು ಊದಿನಕಡ್ಡಿಯಿಂದ ಸುಟ್ಟೆ. ಚಹಾದ ನೀರು ಸವರಿದೆ. ಮೋಡಿಯಲ್ಲಿ ನೀಲದುರ್ಗದ ಹೆಸರು ಬರೆದೆ. ಗವಿಯ ತುದಿಯಲ್ಲಿ, ಹೆಬ್ಬಾವೊಂದು ಕಾಯುವ ಕಡೆ, ಮರಾಠಿಯಲ್ಲಿ "ಇಲ್ಲಿ ಪಹರೆ ಇದೆ" ಎಂದು ಬರೆದೆ. ಬೇಟೆಗಾರ್ತಿ ಹೆಬ್ಬಾವನ್ನು ಕೊಂದು ಆಟ ಗೆದ್ದ ಭಾನುವಾರ, ಬಹುಮಾನವೆಂದು ನಕ್ಷೆಯನ್ನು ನಿನಗೇ ಕೊಟ್ಟೆ. ನೀನು ಅದನ್ನು ಟ್ರಂಕಿನಲ್ಲಿ, ಮಡಚಿದ ಸೀರೆಗಳ ನಡುವೆ ಇಟ್ಟುಕೊಂಡೆ.

ರಜೆಯಲ್ಲಿ ಊರಿಗೆ ಒಯ್ದ ಟ್ರಂಕಿನಲ್ಲಿ ಅದು ನಿನ್ನ ಕಾಕಾ ಭೀಮಪ್ಪನ ಕೈಗೆ ಸಿಕ್ಕಿತು.

ಆ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಅಪ್ಪ ಅಡಿಕೆ ಕತ್ತರಿಸುತ್ತ ಕೂತಿದ್ದರು. ನಾನು ಬಾಗಿಲಲ್ಲಿದ್ದೆ. ನಿನ್ನ ಕಾಕಾ ಮುಂದೆ, ನೀನು ಹಿಂದೆ. ನಿನ್ನ ಮುಖ ಬಾತಿತ್ತು — ಅತ್ತಿದ್ದಕ್ಕೋ, ಏಟಿಗೋ, ಇವತ್ತಿಗೂ ಕೇಳಿಲ್ಲ.

"ಬರ್ರಿ, ಕುಂದರ್ರಿ. ಯಾವ ಕಡಿಯವ್ರು?" ಎಂದರು ಅಪ್ಪ.

"ಖಾನಾಪುರ ಕಡಿಯವ್ರು ರೀ, ಸಾವಕಾರ್ರ. ಈ ಹುಡಿಗಿ ಕಾಕಾ." ಆತ ಕೂರಲಿಲ್ಲ. ನಕ್ಷೆಯನ್ನು ಅಪ್ಪನ ಮುಂದೆ ಹಾಸಿದ. "ಇದು ನಿಮ್ಮ ಮಗಳು ಬರದ ಕೊಟ್ಟಿದ್ದಂತ. ಆಟದ್ದಂತ! ಆಟದ ಕಾಗದಕ್ಕ ಮೋಡಿ ಯಾರ ಬರೀತಾರ್ರೀ? ಹಳೇ ಕಾರಕೂನರೊಬ್ಬರ ಕಡಿಂದ ಓದ್ಸೀನಿ. 'ಇಲ್ಲಿ ಪಹರೆ ಐತಿ' ಅಂತೈತಿ. ಎದರ ಪಹರೆ? ಬಣವಿ ಕಾಯಾಕೇನ?"

ಅಪ್ಪ ನಕ್ಷೆಯನ್ನು ನೋಡಲಿಲ್ಲ. ಕಾಗದವನ್ನು ನೋಡಿದರು. ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲನೆ ತಿಕ್ಕಿದರು. ಅಂಗಡಿಯಲ್ಲಿ ಹುಟ್ಟಿ ಬೆಳೆದವರು; ತಮ್ಮ ಮನೆಯ ಕಾಗದ ಬೆರಳಿಗೆ ಗೊತ್ತಾಗದೇ ಇರುತ್ತದೆಯೇ? "ಈ ಕಾಗದ..." ಎಂದು ಶುರು ಮಾಡಿ ನಿಲ್ಲಿಸಿದರು.

ಭೀಮಪ್ಪ ಆ ನಿಲುಗಡೆಯನ್ನು ಹಿಡಿದುಬಿಟ್ಟ. "ಗುರುತು ಹತ್ತಿತೇನ್ರಿ? ನಿಮ್ಮ ತಂದಿಯವರ ಕಾಲಕ್ಕ ನಮ್ಮ ಕಡಿ ಮಂದಿ ಕಳ್ಳರ ಅಂಜಿಕಿಗೆ ಕಾಗದಪತ್ರ ನಿಮ್ಮ ತಿಜೋರ್‍ಯಾಗ ಇಡ್ತಿದ್ರು. ಇಟ್ಟದ್ದೆಲ್ಲಾ ಹೊಳ್ಳಿ ಬಂತೋ ಇಲ್ಲೋ, ಯಾರ ನೋಡ್ಯಾರ?"

"ಮಾತ ನೋಡಿ ಆಡ್ರಿ," ಎಂದರು ಅಪ್ಪ. ಆದರೆ ದನಿಯಲ್ಲಿ ಬಲವಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು. "ಕಸ್ತೂರೀ, ಇದನ್ನ ನೀ ಬರದೀಯೇನ?"

ನೀನು ನನ್ನನ್ನೇ ನೋಡುತ್ತಿದ್ದೆ. "ಹೇಳ ಕಸ್ತೂರಿ," ಎಂದೆ. "ಕವಡಿ ಆಟದ್ದು ಅಂತ ಹೇಳ." ಉಮೇಶನ ಹೆಸರು ನೀನು ಎತ್ತಲಿಲ್ಲ. ಅವನು ಆಗ ಮುಂಬಯಿಗೆ ಹೋಗಿದ್ದ. ಗಂಡು ಹುಡುಗನ ಜೊತೆ ಮಾಳಿಗೆಯ ಮೇಲೆ ಆಟವಾಡುತ್ತಿದ್ದೆವು ಎಂದು ಅಪ್ಪನ ಎದುರು ಬಾಯಿ ಬಿಡದೆ ನೀನು ನನ್ನನ್ನು ಕಾಪಾಡುತ್ತಿದ್ದೆ. ಆ ಗಳಿಗೆಯಲ್ಲೂ.

"ಇಲ್ಲಪ್ಪಾ," ಎಂದೆ ನಾನು. "ನಾ ಬರದಿಲ್ಲ. ನಾ ಇದನ್ನ ನೋಡೇ ಇಲ್ಲ."

ಅಂಜಿಕೆಯಿಂದ ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನಾನು ಬರೆದೆ ಅಂದರೆ, "ಯಾವುದನ್ನು ನೋಡಿ ನಕಲು ಮಾಡಿದೆ?" ಎಂಬ ಪ್ರಶ್ನೆ ಬರುತ್ತದೆ, ಮುತ್ಯಾನ ಹೆಸರು ಕೆಡುತ್ತದೆ — ಹೀಗೆ. ಅಂಜಿಕೆ ಇತ್ತು, ನಿಜ. ಆದರೆ ಅದರ ಅಡಿಯಲ್ಲಿ ಇನ್ನೊಂದು ಇತ್ತು, ಅದನ್ನು ಯಾರಿಗೂ ಹೇಳಿಲ್ಲ. ದೊಡ್ಡ ಮನುಷ್ಯನೊಬ್ಬ ನನ್ನ ಗೆರೆಯನ್ನು ನಂಬಿ ಖಾನಾಪುರದಿಂದ ನಮ್ಮ ಪಡಸಾಲೆಗೆ ಬಂದಿದ್ದ. ಕಾರಕೂನನೊಬ್ಬ ನನ್ನ ಅಕ್ಷರವನ್ನು ನೂರಾರು ವರ್ಷ ಹಳೆಯದೆಂದು ಓದಿದ್ದ. ಎದೆಯೊಳಗೆ ಏನೋ ಜಿಗಿಯಿತು, ಸಿದ್ದವ್ವಾ. ಅದು ಅಂಜಿಕೆಯ ಜಿಗಿತ ಮಾತ್ರ ಆಗಿರಲಿಲ್ಲ.

ನೀನು ಕಾಕಾನ ಹಿಂದೆ ಮೆಟ್ಟಿಲಿಳಿದು ಹೋದೆ. ಅಪ್ಪ ಅಡಿಕೆ ಕತ್ತರಿಯನ್ನು ಮತ್ತೆ ಕೈಗೆತ್ತಿಕೊಳ್ಳಲಿಲ್ಲ.

ಕಾಲೇಜು ತೆರೆದಾಗ ನೀನು ಬರಲಿಲ್ಲ. ನಿಮ್ಮ ತಾಲೂಕಿನ ಹುಡುಗಿಯೊಬ್ಬಳು ಹೇಳಿದಳು: ಕಾಕಾ ನಿನ್ನನ್ನು ಮನೆಯಲ್ಲೇ ಇಟ್ಟಿದ್ದಾನೆ, ಗೆಳತಿಯೇ ಬರೆದಿಲ್ಲವೆಂದ ಮೇಲೆ ಆ ಕಾಗದ ತಮ್ಮ ಅಪ್ಪನ ಕಾಲದ್ದೇ, ಅಣ್ಣ ಅದನ್ನು ತನ್ನಿಂದ ಮುಚ್ಚಿಟ್ಟು ಮಗಳ ಟ್ರಂಕಿನಲ್ಲಿ ಸಾಗಿಸಲು ನೋಡಿದ ಎಂದು ಊರ ತುಂಬ ಹೇಳುತ್ತಿದ್ದಾನೆ, ಹೊಲದಲ್ಲಿ ಅಗೆಸುತ್ತಿದ್ದಾನೆ. ನನ್ನ ಒಂದು "ಇಲ್ಲ" ಅಣ್ಣತಮ್ಮಂದಿರ ನಡುವೆ ಹೋಗಿ ಕೂತಿತ್ತು.

ಹೇಳಿಬಿಡಬೇಕೆಂದು ಒಂದು ಬೆಳಗ್ಗೆ ಖಾನಾಪುರದ ಪ್ಯಾಸೆಂಜರ್ ಗಾಡಿ ಹತ್ತಿದೆ. ಮನೆಯಲ್ಲಿ ಪ್ರಾಕ್ಟಿಕಲ್ ಇದೆ ಎಂದಿದ್ದೆ. ಸ್ಟೇಶನ್ನಿನಿಂದ ಸ್ವಲ್ಪ ದೂರ ಬಸ್ಸು, ಆಮೇಲೆ ನಡೆದೆ. ದಾರಿ ಯಾರನ್ನೂ ಕೇಳಬೇಕಾಗಲಿಲ್ಲ. ಹಳ್ಳ, ಬಾಗಿದ ಮತ್ತಿಮರ, ಒರಗಿದ ಕಲ್ಲುಗಳು — ನಾನು ಬರೆದಲ್ಲೇ ಇದ್ದವು. ಆ ನೆಲದ ಮೇಲೆ ನಾನು ಹಿಂದೆಂದೂ ಕಾಲಿಟ್ಟಿರಲಿಲ್ಲ. ಆದರೂ ಮುಂದಿನ ತಿರುವಿನಲ್ಲಿ ಏನಿದೆ ಎಂದು ಗೊತ್ತಿತ್ತು.

ಮಾತು ಕೇಳಿಸಿದ್ದರಿಂದ ಕಲ್ಲಿನ ಹಿಂದೆಯೇ ನಿಂತೆ. ಸಂದಿಯಿಂದ ಕಾಣುತ್ತಿತ್ತು. ಮುಳ್ಳುಹಂದಿಯ ತೂತು ಈಗ ಮನುಷ್ಯ ಇಳಿಯುವಷ್ಟು ಅಗಲವಾಗಿತ್ತು. ಮಣ್ಣಿನಲ್ಲಿ ಮೆಟ್ಟಿಲು ಕಡಿದಿದ್ದರು. ಕೆಳಗಿನಿಂದ ಅಡ್ಡ ಸುರಂಗ — ಪೂರ್ವಕ್ಕೆ, ಕಲ್ಲುಗಳ ಅಡಿಗೆ. ನನ್ನ ತಿರುವು. ಒಂದು ಮೊಳವೂ ತಪ್ಪಿರಲಿಲ್ಲ, ಅಳತೆಪಟ್ಟಿ ಹಾಕಿದ್ದೆನಲ್ಲ. ನಿನ್ನ ಅಪ್ಪ ಯಲ್ಲಪ್ಪ ತಲೆಗೆ ಟವೆಲ್ ಸುತ್ತಿ ಗುಂಡಿಯ ಬಾಯಲ್ಲಿ ನಿಂತಿದ್ದರು, ಭೀಮಪ್ಪ ದಂಡೆಯ ಮೇಲೆ. ಕೂಲಿಯವರು ಊಟಕ್ಕೆ ಹೋಗಿದ್ದರೇನೋ, ಇನ್ನಾರೂ ಇರಲಿಲ್ಲ.

"ಕೂಲಿಯವ್ರು ಒಳಗ ಹೋಗಾಕ ಒಲ್ಲೆ ಅಂತಾರ. ನೀನ ಇಳಿ," ಎನ್ನುತ್ತಿದ್ದ ಭೀಮಪ್ಪ.

"ನೀನ ಇಳಿಯಪ, ಕಾಗದ ನಿನ್ನ ಕೈಯಾಗ ಐತಿ."

"ನಾ ಮುಂದ ಹೋಗೂದು, ನೀ ಮ್ಯಾಲಿಂದ ಮಣ್ಣ ಎಳಿಯೂದು. ಗೊತ್ತಿಲ್ಲೇನ ನನಗ?"

"ಥೂ, ಏನ್ ಮಾತಾಡ್ತಿಯೋ ತಮ್ಮಾ! ನನಗ ಓದಾಕ ಬರೂದಿಲ್ಲ, ಬರಿಯಾಕ ಬರೂದಿಲ್ಲ. ನಾ ಕಾಗದ ಮುಚ್ಚಿಟ್ಟ ಏನ್ ಮಾಡ್ಲಿ, ಬೀಡಿ ಸುತ್ತಲೇನ?"

"ಹಂಗಾರ ಅಂಜಿಕಿ ಯಾಕ?"

ನಿನ್ನ ಅಪ್ಪ ತಲೆಯ ಟವೆಲ್ ಬಿಗಿದುಕೊಂಡರು. ಆಮೇಲೆ ಆಡಿದ ಮಾತು — ಇದನ್ನು ನಿನ್ನ ಕಾಕಾ ನಿನಗೆ ಎಂದೂ ಹೇಳಿರಲಾರ. ಕೇಳಿದವಳು ಇನ್ನೊಬ್ಬಳು ನಾನೇ. "ಇಳೀತೀನಿ ಬಿಡಪ. ಸಿಕ್ಕದ್ದೆಲ್ಲಾ ನಿನಗ ಇರ್ಲಿ, ನನಗೊಂದ್ ಚೂರೂ ಬ್ಯಾಡ. ಏನೂ ಸಿಗಲಿಲ್ಲಂದ್ರ ನಮ್ಮ ಸಿದ್ದಿ ಖರೇ ಹೇಳ್ಯಾಳ ಅಂತ ಒಪ್ಪಬೇಕು. ಒಪ್ಪಿ ಕಾಲೇಜಿಗೆ ಹೊಳ್ಳಿ ಕಳಸೂಣು. ಆತಿಲ್ಲ?"

"ಆತು," ಎಂದ ಭೀಮಪ್ಪ.

ನಿನ್ನ ಅಪ್ಪ ನಿಧಿಗಾಗಿ ಇಳಿಯಲಿಲ್ಲ, ಸಿದ್ದವ್ವಾ. ನೀನು ಸುಳ್ಳಿ ಅಲ್ಲವೆಂದು ತೋರಿಸಲು ಇಳಿದರು.

ಅದನ್ನು ತೋರಿಸಲು ಯಾರೂ ಇಳಿಯಬೇಕಾಗಿರಲಿಲ್ಲ. ನಾನು ಆ ಕಲ್ಲಿನ ಹಿಂದಿನಿಂದ ಹೊರಗೆ ಬಂದರೆ ಸಾಕಿತ್ತು. ಅದಕ್ಕೇ ಬಂದಿದ್ದೆ. ಮೇಲೆ ಜಂಬಿಟ್ಟಿಗೆ, ಕೆಳಗೆ ನುಣುಪು ಜೇಡಿಮಣ್ಣು, ಅದರ ಮೇಲೆ ಅಷ್ಟು ಭಾರದ ಕಲ್ಲು. ಅಡ್ಡ ಅಗೆದರೆ ಏನಾಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಮೆಚ್ಚುಗೆ ಪಡೆದವಳು ನಾನು. ಸುರಂಗದ ಬಾಯಿಯ ಮೇಲಿನಿಂದ ಮಣ್ಣು ಸಣ್ಣಗೆ ಉದುರಿತು. ನಿಂತಿತು. ಮತ್ತೆ ಉದುರಿತು. ನಿನ್ನ ಅಪ್ಪನ ಬೆನ್ನು ಒಳಗೆ ಹೋಗುತ್ತಿತ್ತು. ನನ್ನ ಬಾಯಿ ತೆರೆದೇ ಇತ್ತು — ಇದು ನನಗೆ ಸ್ಪಷ್ಟವಾಗಿ ನೆನಪಿದೆ, ನಾಲಿಗೆಯ ಮೇಲೆ ಧೂಳಿನ ರುಚಿ ಕೂಡ ನೆನಪಿದೆ. ಈಗ ಹೊರಬಂದರೆ ಈ ಭೀಮಪ್ಪ ಏನೆನ್ನುತ್ತಾನೆ? ಸಾವಕಾರ ಪಾಲು ಕೇಳಲು ಮಗಳನ್ನು ಕಳಿಸಿದ್ದಾನೆ ಎನ್ನುತ್ತಾನೆ. ಅವತ್ತು ಇಲ್ಲವೆಂದವಳು ಇವತ್ತು ಹೌದೆಂದರೆ ಯಾರು ನಂಬುತ್ತಾರೆ? — ಹೀಗೆ ಯೋಚಿಸುತ್ತಿದ್ದೆ. ಯೋಚಿಸಲು ನನಗೆ ಪುರಸೊತ್ತಿತ್ತು.

ಕುಸಿದಾಗ ದೊಡ್ಡ ಸದ್ದೇನೂ ಆಗಲಿಲ್ಲ. ಮೂಟೆಯೊಂದನ್ನು ನೆಲಕ್ಕೆ ಇಳಿಸಿದ ಹಾಗೆ, ಅಷ್ಟೇ. ಆಮೇಲೆ ಭೀಮಪ್ಪನ ಕೂಗು: "ಅಣ್ಣಾ! ಯಣ್ಣಾ!" ಆತ ಬರಿಗೈಯಿಂದ ಮಣ್ಣು ಕೆರೆಯುತ್ತಿದ್ದ. ಸಂಶಯವೆಲ್ಲ ಎಲ್ಲಿ ಹೋಯಿತೋ, ಚಿಕ್ಕ ಹುಡುಗನ ಹಾಗೆ ಅಳುತ್ತಿದ್ದ.

ಆಗಲಾದರೂ ಓಡಿಹೋಗಿ ಕೈ ಹಾಕಬಹುದಿತ್ತು. ನಾನು ತಿರುಗಿ ನಡೆದೆ. ಹತ್ತಿರದ ಹಂಚಿನ ಭಟ್ಟಿಯ ಜನ ಕೂಗು ಕೇಳಿ ಎದುರಿನಿಂದ ಓಡಿ ಬರುತ್ತಿದ್ದರು. ಒಬ್ಬ ಹೆಂಗಸು ನನ್ನ ತೋಳು ಹಿಡಿದು, "ಏನಾತ ಬೇ ಅಲ್ಲೆ?" ಎಂದಳು.

"ಗೊತ್ತಿಲ್ರಿ," ಎಂದೆ.

ಆ ಜನ ನಿನ್ನ ಅಪ್ಪನನ್ನು ಹೊರಗೆ ತೆಗೆದರು ಎಂದು, ಜೀವ ಉಳಿದು ಕಾಲು ಹೋಯಿತೆಂದು, ಆಮೇಲೆ ಅದೇ ಹುಡುಗಿಯ ಬಾಯಿಂದ ಕೇಳಿದೆ. ಕುಸಿದದ್ದರಿಂದ ನಂಬಿಕೆ ಹೋಗಲಿಲ್ಲ, ಗಟ್ಟಿಯಾಯಿತು ಎಂದೂ ಕೇಳಿದೆ — ಪಹರೆ ಇದೆ ಎಂದು ಬರೆದದ್ದು ಸುಳ್ಳಾಗಲಿಲ್ಲ, ನಿಧಿ ಕಾಯುವಂಥದ್ದು ಕಾಲು ಹಿಡಿದುಕೊಂಡಿತು ಎಂದು. ನೀನು ಅಪ್ಪನ ಬದಲು ಕುರಿಗಳ ಹಿಂದೆ ಹೋದೆ. ನಾನು ಪರೀಕ್ಷೆ ಬರೆದೆ.

ನಮ್ಮ ಮನೆಯ ಸಂಗತಿಯನ್ನೂ ಹೇಳಬೇಕು. ಅಪ್ಪ ನನ್ನನ್ನು ಆಮೇಲೆ ಒಂದು ಮಾತೂ ಕೇಳಲಿಲ್ಲ. ಕಾಗದ ನಮ್ಮದು, ಅಕ್ಷರ ಮೋಡಿ, ಮಗಳು ಬರೆದಿಲ್ಲ — ಹಾಗಿದ್ದರೆ ಬರೆದವರು ಯಾರು? ಅವರಿಗೆ ಉಳಿದದ್ದು ಒಂದೇ ಉತ್ತರ. ಮುತ್ಯಾನ ಫೋಟೋಕ್ಕೆ ದಿನಾ ವಿಭೂತಿ ಹಚ್ಚುತ್ತಿದ್ದವರು ಕ್ರಮೇಣ ಅದನ್ನು ನಿಲ್ಲಿಸಿದರು. ಯಾಕೆಂದು ಅವ್ವನಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಿತ್ತು. ತಮ್ಮ ತಂದೆ ಬಡವರ ಕಾಗದ ನುಂಗಿದವನೆಂದು ನಂಬಿಕೊಂಡೇ ಅಪ್ಪ ತೀರಿಕೊಂಡರು. ಅವರಿಗೆ ಇನ್ನು ಹೇಳಲಾಗದು.

ನಿಮಗೆ ಹೇಳಬಹುದು. ಅದಕ್ಕಾಗಿ ನಾಳೆ ಬೆಳಗಿನ ಗಾಡಿಗೆ ಬರುತ್ತಿದ್ದೇನೆ. ಮೊದಲು ಈ ಹಾಳೆಗಳನ್ನು ನಿನ್ನ ಕೈಗೆ ಕೊಡುತ್ತೇನೆ. ಓದಿದ ಮೇಲೆ ನನ್ನನ್ನು ಅಂಗಳದಿಂದಲೇ ಕಳಿಸಿದರೂ ಸರಿ, ಆದರೆ ಬಸುನ ಸಲುವಾಗಿ ಕಾಕಾನನ್ನು ಕರೆ. ಮುತ್ಯಾನ ಕಟ್ಟಿನಲ್ಲಿ ಉಳಿದ ಖಾಲಿ ಹಾಳೆ, ಶಾಯಿ, ಲೇಖನಿ ಚೀಲದಲ್ಲಿಟ್ಟುಕೊಂಡಿದ್ದೇನೆ. ನಿಮ್ಮ ಕಟ್ಟೆಯ ಮೇಲೆ ಕೂತು, ನಿನ್ನ ಅಪ್ಪ, ಕಾಕಾ, ಬಸು ಎಲ್ಲರೂ ನೋಡುತ್ತಿರುವಾಗ, ನೀಲದುರ್ಗವನ್ನು ಇನ್ನೊಮ್ಮೆ ಬರೆಯುತ್ತೇನೆ — ಹಳ್ಳ, ಮರ, ಮೆಟ್ಟಿಲು, ಮೋಡಿಯ ಒಂದೊಂದು ಅಕ್ಷರ. ಹಳೆಯದನ್ನು ಬಾಜೂ ಇಟ್ಟು ನೋಡಲಿ. ಅವರು ನಂಬದಿರಬಹುದು. ಸಾವಕಾರನ ಮನೆಯವಳು ದಾರಿ ತಪ್ಪಿಸಲು ಬಂದಿದ್ದಾಳೆ ಎನ್ನಬಹುದು. ಅನ್ನುವ ಹಕ್ಕು ಅವರಿಗಿದೆ. ನಂಬದಿದ್ದರೆ ಬಸು ಇಳಿಯುವ ಗುಂಡಿಯ ಬಾಯಲ್ಲಿ ನಾನೇ ಕೂರುತ್ತೇನೆ. ಈ ಸಲ ಕಲ್ಲಿನ ಹಿಂದೆ ಅಲ್ಲ.

ನಿನ್ನ ಅಪ್ಪ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ, ನನಗೆ ಗೊತ್ತು. ಮೆಟ್ಟಿಲು ಇಳಿದ ಮೇಲೆ ದಾರಿಯನ್ನು ಕಲ್ಲುಗಳ ಅಡಿಗೆ, ಪೂರ್ವಕ್ಕೇ ಯಾಕೆ ತಿರುಗಿಸಿದೆ ತಂಗಿ, ಅಲ್ಲೇನಿತ್ತು? — ಎಂದು. ಅವರ ಮುಖ ನೋಡಿಕೊಂಡು ಅದಕ್ಕೆ ಉತ್ತರ ಹೇಳಬೇಕು. ಅಲ್ಲಿ ಏನೂ ಇರಲಿಲ್ಲ. ಬರೆಯುತ್ತ ಬರೆಯುತ್ತ ಕಾಗದದ ಬಲಮೂಲೆಯಲ್ಲಿ, ಪೂರ್ವದ ಬದಿಗೆ, ಒಂದಿಷ್ಟು ಜಾಗ ಖಾಲಿ ಉಳಿದಿತ್ತು.